ಗೆದ್ದಲು ತಿಂದ ಅರ್ಧ

ದುರ್ಗಿಗುಡಿಯ ಎರಡನೇ ತಿರುವು, ಮೆಡಿಕಲ್ ಶಾಪಿನ ಮಾಳಿಗೆ,
ಹನ್ನೊಂದು ಮೆಟ್ಟಿಲು. ಹತ್ತಿ ಬಂದವರೆಲ್ಲ
ಮೊದಲು ಕನ್ನಡಿಗೆ ಮುಖ ಕೊಡುತ್ತಾರೆ,
ಆಮೇಲೆ ನನಗೆ.
ಬಾಚಣಿಗೆಗೆ ದಾರ ಕಟ್ಟಿದ್ದೇನೆ, ಯಾರೂ ಒಯ್ಯದ ಹಾಗೆ.

ಹದಿನಾಲ್ಕು ವರ್ಷದಿಂದ ಮುಖ ತಿದ್ದುವುದೇ ಕಸುಬು.
ಗಂಡಿನ ಕಡೆಗೆ ಕಳಿಸುವ ಫೋಟೋ; ಹುಡುಗಿಯ ತಾಯಿ
ನನ್ನ ಕಿವಿಗೆ ಬಾಗಿ, "ಆ ಎಡಗಣ್ಣು, ಒಂಚೂರು..."
ನನಗೆ ಅಷ್ಟು ಸಾಕು.
ಮೌಸಿನ ತುದಿಯಿಂದ ಕಣ್ಣು ಎತ್ತುತ್ತೇನೆ
ಅಕ್ಕಿಕಾಳಿನ ಅರ್ಧದಷ್ಟು.
ಗಂಡಿನವರು ಒಪ್ಪುತ್ತಾರೆ. ಏನನ್ನು ಒಪ್ಪಿದೆವೆಂದು
ಅವರಿಗೂ ಗೊತ್ತಿರುವುದಿಲ್ಲ.

ಒಂದು ಮಾತು ಹೇಳಲೆ, ಬಿಟ್ಟಿ ಮಾತು:
ಸರಿಸಮ ಮುಖ ನಾನು ಇನ್ನೂ ಕಂಡಿಲ್ಲ.
ಒಂದು ಕಿವಿ ಯಾವಾಗಲೂ ಮೇಲೆ, ಕದ್ದು ಕೇಳುವಂತೆ.
ಮೂಗು ನೆಟ್ಟಗೆ ಹೊರಟು
ತುದಿಗೆ ಬರುವಷ್ಟರಲ್ಲಿ ಮನಸ್ಸು ಬದಲಿಸಿರುತ್ತದೆ.
ತಕ್ಕಡಿ ಹಿಡಿದವನ ಹುಬ್ಬೇ ಒಂದು ಕಡೆ ತೂಗುತ್ತದೆ.
ಆದರೂ ಚೆಲುವೆಂದರೆ ಮಡಿಸಿದ ಕಾಗದ,
ಬಿಚ್ಚಿದರೆ ಎರಡೂ ಕಡೆ ಒಂದೇ ಶಾಯಿ ಎಂದು
ನಂಬಿದ್ದೆ ನಾನೂ. ನಂಬಿ, ದುಡಿದು, ಸ್ಕೂಟರು ಕೊಂಡೆ.

ಮೊನ್ನೆ ಶುಕ್ರವಾರ ಭದ್ರಾವತಿಯಿಂದ ದ್ಯಾವಮ್ಮ ಬಂದರು,
ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ
ಗಂಡನನ್ನು ಇಟ್ಟುಕೊಂಡು.
ಕೆರಿಯಪ್ಪ. ಕಬ್ಬಿಣದ ಕಾರ್ಖಾನೆಯ ಕ್ರೇನು ಡ್ರೈವರು.
ಇದ್ದದ್ದು ಒಂದೇ ಪಟ. ಅದರ ಬಲಗಡೆ,
ಅಂದರೆ ಅವನ ಎಡಗಡೆ,
ಗೆದ್ದಲು ಉಂಡು ಎದ್ದಿತ್ತು;
ಹಣೆಯ ನಡುವಿನಿಂದ ಗದ್ದದ ತನಕ
ಸರ್ವೆಯವರು ಗಡಿ ಹಾಕಿ ಕೊಟ್ಟ ಹಾಗೆ.
"ವರ್ಷದ ಎಡೆ ಇಡ್ಬೇಕು. ದೊಡ್ಡದು ಮಾಡ್ಕೊಡಿ."

ಅದೇನು ಮಹಾ, ಅಂದೆ.
ಉಳಿದರ್ಧವನ್ನು ಎತ್ತಿ, ತಿರುಗಿಸಿ, ಪಕ್ಕಕ್ಕಿಟ್ಟೆ.
ಮೂಗಿನ ಮೇಲಿನ ಹೊಲಿಗೆ ಉಜ್ಜಿ ಅಳಿಸಿದೆ.
ಮೂರೇ ನಿಮಿಷ. ಕೆರಿಯಪ್ಪ ಎದ್ದು ಕೂತ.
ಎಂಥ ರೂಪು! ಹುಬ್ಬಿಗೆ ಹುಬ್ಬು, ಕಿವಿಗೆ ಕಿವಿ,
ಮೀಸೆಯ ಎರಡು ತುದಿಗೂ ಒಂದೇ ಅಭಿಪ್ರಾಯ.
ಚಹಾ ತಂದ ಹುಡುಗ ಇಣುಕಿ,
"ಯಾವ ಹೀರೋ ಅಣ್ಣ?" ಅಂದ.

ದ್ಯಾವಮ್ಮ ಕನ್ನಡಕ ಒರೆಸಿ ನೋಡಿದರು.
ಸೆರಗನ್ನು ತಲೆಗೆ ಎಳೆದುಕೊಂಡರು,
ಪರಗಂಡಸಿನ ಮುಂದೆ ಎಳೆದುಕೊಳ್ಳುವ ಹಾಗೆ.
"ಚೆಂದಿದಾರೆ," ಅಂದರು. "ಯಾರಿವರು?"

ಆಮೇಲೆ ಸಂಜೆಯವರೆಗೆ ಅವರು ಹೇಳಿದರು, ನಾನು ಬರೆದೆ.
ಎಡಹುಬ್ಬಲ್ಲಿ ಕೂದಲಿಲ್ಲದ ಒಂದು ಕಾಲುದಾರಿ:
ಕುಲುಮೆಯ ಕಿಡಿ ಹಾದುಹೋದದ್ದು, ಮದುವೆಗೂ ಮೊದಲು.
"ಎಡಗಣ್ಣು ಸಣ್ಣದು. ಮೇಲಿಂದ ಕೆಳಗೆ
ಗುರಿ ಹಿಡ್ದು ಹಿಡ್ದು ಹಂಗೇ ಉಳ್ಕಂತು."
ತುಟಿಯ ಆ ತುದಿ ಕೆಳಗಲ್ಲ, ಮೇಲೆ;
ಸುಳ್ಳು ಹೇಳುವಾಗ ಇನ್ನೂ ಮೇಲೆ.
"ಎಷ್ಟು ಮೇಲೆ?" ಕೇಳಿದೆ.
ತಮ್ಮದೇ ತುಟಿ ಎಳೆದು ತೋರಿಸಿದರು.
ಸತ್ತವನ ನಗು ಒಂದು ಗಳಿಗೆ
ಆ ಮುಖದ ಮೇಲೆ ಬಂದು ಹೋಯಿತು.
"ಇನ್ನೂ ಸ್ವಲ್ಪ ಕೆಡ್ಸಿ," ಅಂದರು.
ಕೆಡಿಸಿದೆ. "ಇನ್ನೂ." ಕೆಡಿಸಿದೆ.
ಹದಿನಾಲ್ಕು ವರ್ಷ ಸರಿಮಾಡಿದ ಕೈಗೆ
ಕೆಡಿಸುವುದು ಎಷ್ಟು ಕಷ್ಟ!

ಬೀದಿದೀಪ ಹತ್ತುವ ಹೊತ್ತಿಗೆ ಅವರು ಸುಮ್ಮನಾದರು.
ಸೆರಗು ತಾನಾಗಿ ಭುಜಕ್ಕೆ ಇಳಿಯಿತು.
"ನೂರು ರೂಪಾಯಿ ಕಮ್ಮಿ ಮಾಡ್ಕಳಿ," ಅಂದರು,
ಮಾತು ನನ್ನೊಡನೆ,
ಕಣ್ಣು ಪಟದ ಕಡೆ.

ಆ ಇನ್ನೊಬ್ಬ ಕೆರಿಯಪ್ಪ, ಚೆಲುವ,
ಕಂಪ್ಯೂಟರಿನಲ್ಲೇ ಉಳಿದಿದ್ದಾನೆ.
ಅವನಿಗೆ ಎಡೆ ಇಡುವವರಿಲ್ಲ.
ಸುಳ್ಳು ಹೇಳಿದರೆ ಯಾವ ತುಟಿ ಏಳಬೇಕೆಂದು
ಅವನಿಗೂ ತಿಳಿಯದು.

ಇವತ್ತು ಬೆಳಿಗ್ಗೆ ಮತ್ತೊಬ್ಬ ತಾಯಿ: "ಮೂಗು, ಒಂಚೂರು..."
ನೆಟ್ಟಗೆ ಮಾಡಿದೆ. ಹೊಟ್ಟೆಪಾಡು.
ಮೊದಲು ತೆಗೆದದ್ದನ್ನು ಮಾತ್ರ ಅಳಿಸಲಿಲ್ಲ.
ಮುಂದೆ ಯಾರಾದರೂ
ಅದನ್ನೇ ಕೇಳಿಕೊಂಡು ಬಂದಾರು.